ಕೆಳಗಿನವನು ‘ಇಳ್ಸಿ’ ಅನ್ನುವವರೆಗೆ

ನನ್ನ ಅಳಿಯನಷ್ಟು ಭಾರ ಎತ್ತುವ ಗಂಡಸನ್ನು ನಾನು ನೋಡಿಲ್ಲ. ಅವನಷ್ಟು ಸೂಜಿಗೆ ಹೆದರುವ ಗಂಡಸನ್ನೂ ನೋಡಿಲ್ಲ. ಇಂಥವನು ಒಂದು ದಿನ ತಾನಾಗಿಯೇ ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿದ, ಅದೂ ಎಂಥ ಜಾಗದ ಆಪರೇಷನ್ನು! ಆ ಕಥೆಯನ್ನು ನಾನಲ್ಲದೆ ಇನ್ಯಾರು ಹೇಳಬೇಕು? ಜೊತೆಗೆ ಹೋದವಳೇ ನಾನು. ಎದುರಿಗೆ ‘ಹೋಗಿ’ ‘ಬನ್ನಿ’ ಎಂದೇ ಮಾತಾಡಿಸುತ್ತೇನೆ, ಅಳಿಯ ಅಂದಮೇಲೆ ಮರ್ಯಾದೆ ಬೇಕಲ್ಲ. ಕಥೆ ಹೇಳುವಾಗ ಮಾತ್ರ ‘ಅವನು’. ಅಷ್ಟು ಸಲಿಗೆ ನನಗಿದೆ.

ಅವನದು ಮನೆ ಸಾಮಾನು ಸಾಗಿಸುವ ಕೆಲಸ. ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ನಾಲ್ಕು ಜನ, ಒಂದು ಹಳೆಯ ಲಾರಿ. ಯಾರೋ ಬಾಡಿಗೆ ಮನೆ ಬದಲಿಸುತ್ತಾರೆ, ಯಾರೋ ಅಂಗಡಿ ಎತ್ತುತ್ತಾರೆ. ಇವರು ಹೋಗಿ ಬೀರು, ಮಂಚ, ಫ್ರಿಜ್ಜು, ಕನ್ನಡಿ ಎಲ್ಲ ಹೊತ್ತು ಲಾರಿಗೆ ತುಂಬಿ ಇನ್ನೊಂದು ಕಡೆ ಇಳಿಸುತ್ತಾರೆ. ಸಾಮಾನಿಗೆ ಗೀರು ಬೀಳದಂತೆ ಸುತ್ತುವ ದಪ್ಪ ಹೊದಿಕೆಗಳನ್ನು ಹೊಲಿದು ಕೊಡುವವಳು ನಾನು. ಹಾಗೆ ಹೊದಿಕೆ ಒಯ್ಯಲು ಬಂದವನು ನನ್ನ ಮಗಳನ್ನು ನೋಡಿ, ಆಮೇಲೆ ಬೇಡದ ಹೊದಿಕೆಗೂ ಬರತೊಡಗಿದ. ಬಂದಾಗಲೆಲ್ಲ ನನ್ನ ಹೊಲಿಗೆ ಮಷೀನಿನಿಂದ ದೂರ, ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ನಾಚಿಕೆ ಅಂದುಕೊಂಡಿದ್ದೆ. ಸೂಜಿಯ ಭಯ ಎಂದು ಗೊತ್ತಾದದ್ದು ಮದುವೆಯಾದ ಮೇಲೆ.

ತಂಡದವರು ಅವನನ್ನು ಕರೆಯುವುದು ‘ಬುಡ’ ಎಂದು. ಮೆಟ್ಟಿಲ ಮೇಲೆ ಬೀರು ಸಾಗಿಸುವುದನ್ನು ನೀವು ನೋಡಿದ್ದರೆ ಯಾಕೆಂದು ತಿಳಿಯುತ್ತದೆ. ಮೇಲಿನವರು ಹಿಡಿದುಕೊಂಡಿರುತ್ತಾರೆ ಅಷ್ಟೇ. ಭಾರವೆಲ್ಲ ಕೆಳಗಿನವನ ಮೈಮೇಲೆ. ಮುಖದ ಮುಂದೆ ಬೀರು, ಅವನಿಗೆ ಏನೂ ಕಾಣಿಸುವುದಿಲ್ಲ. ಕಾಲಲ್ಲೇ ಮೆಟ್ಟಿಲು ಹುಡುಕಬೇಕು. ಅದಕ್ಕೇ ಅವರಲ್ಲಿ ಒಂದು ಕಟ್ಟುನಿಟ್ಟು: ಕೆಳಗಿನವನು ‘ಇಳ್ಸಿ’ ಅನ್ನುವವರೆಗೆ ಯಾರೂ ಕೈ ಬಿಡುವಂತಿಲ್ಲ. ಮನೆಯ ಯಜಮಾನ ಕೂಗಿಕೊಂಡರೂ ಅಷ್ಟೇ, ಖುದ್ದು ಮೇಸ್ತ್ರಿಯೇ ಹೇಳಿದರೂ ಅಷ್ಟೇ. ಭಾರ ಯಾರ ಮೇಲಿದೆಯೋ ಮಾತು ಅವನದು. ನನ್ನ ಅಳಿಯ ವರ್ಷಗಳಿಂದ ಆ ಕೆಳಗಿನ ಜಾಗದವನು.

ಮಗಳ ಮೊದಲ ಹೆರಿಗೆ ಸುಸೂತ್ರವಾಯಿತು, ಹೆಣ್ಣು. ಎರಡನೆಯದು ಗಂಡು. ಅಯ್ಯೋ, ಆ ದಿನ! ಮಗು ಹೊರಗೆ ಬಂತು, ಅತ್ತಿತು, ನಾವೆಲ್ಲ ನಕ್ಕೆವು. ಆಮೇಲೆ ಬಾಗಿಲು ತೆಗೆದು ನರ್ಸ್ ಓಡಿದಳು, ಇನ್ನೊಬ್ಬಳು ಓಡಿದಳು. ರಕ್ತ ನಿಲ್ಲುತ್ತಿರಲಿಲ್ಲ. ಬಾಟಲಿ ಮೇಲೆ ಬಾಟಲಿ ರಕ್ತ ಬೇಕೆಂದರು. ಮೇಸ್ತ್ರಿ ಲಾರಿ ತುಂಬ ತಂಡವನ್ನೇ ಕರೆತಂದ. ಎಲ್ಲರೂ ತೋಳು ಚಾಚಿ ಕೂತರು. ನನ್ನ ಅಳಿಯನೂ ಕೂತ. ಸೂಜಿ ತೋಳಿನ ಹತ್ತಿರ ಬರುತ್ತಲೇ ಕುರ್ಚಿ ಸಮೇತ ನೆಲಕ್ಕೆ ಬಿದ್ದ. ಅವನನ್ನು ಎಬ್ಬಿಸುವುದೇ ಒಂದು ಕೆಲಸವಾಯಿತು. ಈಗ ನನ್ನ ಮಗಳ ಮೈಯಲ್ಲಿ ಗಂಡನೊಬ್ಬನನ್ನು ಬಿಟ್ಟು ತಂಡದವರೆಲ್ಲರ ರಕ್ತ ಹರಿಯುತ್ತಿದೆ. ಇದನ್ನು ಹೇಳಿ ಹೇಳಿ ಅವನನ್ನು ಅವರು ಎಷ್ಟು ಗೋಳುಹೊಯ್ದುಕೊಂಡರೋ!

ಮಗಳು ಉಳಿದಳು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು.

“ಈ ಸಲ ಉಳಿಸಿಕೊಂಡ್ವಿ. ಇನ್ನೊಂದು ಸಲ ಬಸುರಿ ಆದ್ರೆ ಉಳಿಸ್ತೀನಿ ಅಂತ ನಾನು ಮಾತು ಕೊಡಲ್ಲ. ಮಾತ್ರೆ ಇವಳ ಮೈಗೆ ಒಗ್ಗಲ್ಲ. ಈಗಿರೋ ಸ್ಥಿತೀಲಿ ಮತ್ತೆ ಇವಳ ಹೊಟ್ಟೆಗೆ ಕೈ ಹಾಕೋಕೆ ನನಗೆ ಮನಸ್ಸಿಲ್ಲ. ಮಕ್ಕಳಾಗದ ಹಾಗೆ ಗಂಡಸರಿಗೆ ಆಪರೇಷನ್ ಮಾಡೋದು ಸುಲಭ. ಹೊಟ್ಟೆ ಕೊಯ್ಯೋ ಹಾಗಿಲ್ಲ, ಮಲಗಿಸಿಕೊಳ್ಳೋ ಹಾಗಿಲ್ಲ. ಅವತ್ತೇ ಬಂದು ಅವತ್ತೇ ಮನೆಗೆ ಹೋಗಬಹುದು.”

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರಲ್ಲ, ಹಾಗೆ. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅಳಿಯ ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡು ಕೇಳಿದ:

“ಮೇಡಂ, ಆಮೇಲೆ ಬೀರು ಎತ್ತೋಕಾಗುತ್ತಾ?”

“ಒಂದು ವಾರ ಬಿಟ್ಟು ಈ ಆಸ್ಪತ್ರೇನೇ ಬೇಕಾದ್ರೆ ಎತ್ತಿ.”

“ಹಾಗಾದ್ರೆ ನನಗೇ ಮಾಡಿ.”

ಮಗಳು ಮಂಚದ ಮೇಲಿಂದ, “ರೀ, ನಿಧಾನವಾಗಿ ಯೋಚ್ನೆ ಮಾಡಿ. ಆಮೇಲೆ ಬೇಡ ಅಂದ್ರೆ ವಾಪಸ್ ಬರೋದಲ್ಲ ಇದು,” ಅಂದಳು. ಡಾಕ್ಟರಮ್ಮನೂ ಹೌದೆಂದರು. ಮತ್ತೆ ಜೋಡಿಸುವ ಆಪರೇಷನ್ ಉಂಟು, ಆದರೆ ಅದನ್ನು ನಂಬಿಕೊಂಡು ಬರಬೇಡಿ; ಇದು ಶಾಶ್ವತ ಎಂದೇ ತಿಳಿದು ಬನ್ನಿ ಎಂದರು. ಅವನು ಮಗಳ ಮುಖ ನೋಡಿದ, ಮಗುವಿನ ಮುಖ ನೋಡಿದ. “ಶಾಶ್ವತ ಬೇಕು ಅಂತಾನೇ ಅಲ್ವಾ ಕೇಳ್ತಿರೋದು,” ಅಂದ. ನನಗೆ ಅವನ ತಲೆ ಸವರಬೇಕೆನಿಸಿತು. ಸೂಜಿಯ ಮಾತನ್ನು ಯಾರೂ ಎತ್ತಲಿಲ್ಲ, ಪುಣ್ಯಕ್ಕೆ.

ಇನ್ನು ಉಳಿದದ್ದು ನನ್ನ ಬೀಗಿತ್ತಿ, ಅಂದರೆ ಅವನ ತಾಯಿ. ಅವರು ನಮ್ಮ ಬೀದಿಯಲ್ಲೇ, ಮಗನ ಜೊತೆಯಲ್ಲೇ ಇರುವವರು. ಕೆಟ್ಟವರಲ್ಲ, ಆದರೆ ಹಿಡಿದದ್ದೇ ಹಿಡಿತ. ಅವರ ಯಜಮಾನರೂ ಹೊರೆ ಹೊತ್ತೇ ಮನೆ ನಡೆಸಿದವರು. ಸೊಂಟ ಹಿಡಿದುಕೊಂಡ ದಿನ ಮನೆಯೂ ಉಪವಾಸ ಕೂತಿತು. ಆಗಿನಿಂದ ಗಂಡಸಿನ ಮೈ ಅಂದರೆ ಅವರಿಗೆ ಅನ್ನದ ಪಾತ್ರೆ. ಈ ಆಪರೇಷನ್ ಮಾಡಿಸಿಕೊಂಡವನ ಶಕ್ತಿಯೆಲ್ಲ ಇಳಿದುಹೋಗುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಪಕ್ಕದ ಬೀದಿಯ ಒಬ್ಬ ಹೀಗೆ ಮಾಡಿಸಿಕೊಂಡು ಆಮೇಲೆ ಒಂದು ಬಕೆಟ್ ನೀರೂ ಎತ್ತಲಿಲ್ಲವಂತೆ. ಆ ಮಹಾನುಭಾವ ಅದಕ್ಕೆ ಮೊದಲೂ ಬಕೆಟ್ ಎತ್ತಿದ್ದನ್ನು ನಾನಂತೂ ಕಂಡಿಲ್ಲ. ಆದರೆ ವಾದ ಮಾಡಿ ಗೆಲ್ಲಬಹುದಾದ ಪೈಕಿಯಲ್ಲ ಅವರು. ಆದ್ದರಿಂದ ನಾವು ಮೂವರೂ ಸೇರಿ ಒಂದು ಸುಳ್ಳು ಕಟ್ಟಿದೆವು: ಅಳಿಯನಿಗೆ ಹಲ್ಲುನೋವು, ಹಲ್ಲು ಕೀಳಿಸಲು ಹೋಗುತ್ತಾನೆ, ಜೊತೆಗೆ ಅತ್ತೆ ಹೋಗುತ್ತಾಳೆ.

ಮೇಸ್ತ್ರಿಗೆ ಮಾತ್ರ ನಿಜ ಹೇಳಲೇಬೇಕಾಯಿತು, ವಾರದ ರಜೆ ಬೇಕಲ್ಲ. ಮೇಸ್ತ್ರಿಗೆ ಹೇಳಿದರೆ ತಂಡಕ್ಕೆ ಹೇಳಿದ ಹಾಗೆ. ತಂಡದಲ್ಲಿ ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರದವನೊಬ್ಬನಿದ್ದಾನೆ, ಉದ್ದಣ್ಣ ಎಂದೇ ಅವನ ಹೆಸರು. ಅವನು ಲಾರಿಯ ಹಿಂದೆ ಕೂತು ತೊಡೆ ತಟ್ಟಿಕೊಂಡು ನಕ್ಕ.

“ಹುಷಾರಿಲ್ಲದ್ದು ಹೆಂಡತಿಗೆ, ಆಪರೇಷನ್ ಗಂಡನಿಗಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಲೋ ಬುಡ, ಧ್ವನಿ ಬದಲಾಗುತ್ತೆ ಕಣೋ. ‘ಇಳ್ಸಿ’ ಅಂತ ನೀನು ಕೀಚಲು ದನೀಲಿ ಕೂಗಿದ್ರೆ ನಾವು ನಗ್ತಾ ಬೀರು ಬಿಟ್ಟುಬಿಡ್ತೀವಿ!”

“ಬದಲಾದ್ರೆ ಹಾಡು ಹೇಳ್ತೀನಿ ಬಿಡು,” ಅಂದನಂತೆ ನನ್ನ ಅಳಿಯ. ಮನೆಗೆ ಬಂದವನು ಮಾತ್ರ ಕನ್ನಡಿ ಮುಂದೆ ನಿಂತು ಎರಡು ಸಲ ‘ಇಳ್ಸಿ’ ಅಂದು ನೋಡಿದ. ಮಗಳು ಹೇಳಿದ್ದು.

ಆ ದಿನ ಬಂತು. ಕ್ಲಿನಿಕ್ಕಿನ ಕಾರಿಡಾರಿನಲ್ಲಿ ಅವನ ಹಣೆಯಲ್ಲಿ ಬೆವರು. ಬೀರು ಹೊತ್ತಾಗಲೂ ಅಷ್ಟು ಬೆವರಿದ್ದನ್ನು ನಾನು ನೋಡಿಲ್ಲ. ಒಳಗಿನಿಂದ ದಪ್ಪ ಬಿಳಿ ಮೀಸೆಯ ಡಾಕ್ಟರು ಬಂದು ಪಕ್ಕದಲ್ಲೇ ಕೂತರು. ಇವನಿಗೆ ಹೇಳುತ್ತಲೇ ನನಗೂ ಬಿಡಿಸಿ ಹೇಳಿದರು. ಬೀಜ ಹೋಗುವ ದಾರಿ ಎರಡು ಸಣ್ಣ ನಾಳ, ಅವನ್ನು ಕತ್ತರಿಸಿ ಮುಚ್ಚುತ್ತಾರೆ, ಅಷ್ಟೇ. ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಧ್ವನಿ, ಗಡ್ಡ, ತೋಳಿನ ಬಲ, ಗಂಡ ಹೆಂಡತಿಯ ಸುಖ ಎಲ್ಲ ಇದ್ದ ಹಾಗೇ ಇರುತ್ತದೆ.

“ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ. ಇವತ್ತು ಮಾಡಿದ್ರೆ ಇವತ್ತೇ ಮುಗೀತು ಅಂತಲ್ಲ. ನಾಳದಲ್ಲಿ ಮೊದಲೇ ಇದ್ದದ್ದು ಖಾಲಿ ಆಗ್ಬೇಕು. ಮೂರು ತಿಂಗಳು ಹುಷಾರಾಗಿರಬೇಕು, ಆಮೇಲೆ ಪರೀಕ್ಷೆ. ನಾವು ಸೊನ್ನೆ ಅಂತ ಹೇಳೋವರೆಗೂ ನಂಬಬಾರದು.”

ಅಳಿಯನ ಮುಖ ಒಮ್ಮೆಲೇ ತಿಳಿಯಾಯಿತು. “ಗೊತ್ತಾಯ್ತು ಸಾರ್. ಕೆಳಗಿಂದ ಮಾತು ಬರೋವರೆಗೂ ಕೈ ಬಿಡಬಾರದು,” ಅಂದ. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ನಾನು ಹೌದು ಹೌದು ಎಂದು ತಲೆಯಾಡಿಸಿದೆ.

ಒಳಗೆ ಕರೆದರು. ಬಾಗಿಲವರೆಗೆ ಹೋದವನು ತಿರುಗಿ, “ಅತ್ತೆ, ಸೂಜಿ ಎಷ್ಟುದ್ದ ಇರುತ್ತೆ?” ಎಂದು ಪಿಸುಗುಟ್ಟಿದ. “ನನ್ನ ಗುಂಡಿ ಹೊಲಿಯೋ ಸೂಜಿಗಿಂತ ಸಣ್ಣದು. ನಡೀರಿ ಸುಮ್ನೆ!” ಎಂದು ಗದರಿಸಿದೆ. ನನಗೇನು ಗೊತ್ತು? ಹೋದ. ನಾನು ಒಂದು ಲೋಟ ನೀರು ಕುಡಿದು, ಪಕ್ಕದವರ ಮೊಮ್ಮಗಳ ಕಥೆ ಅರ್ಧ ಕೇಳುವಷ್ಟರಲ್ಲಿ ಬಾಗಿಲು ತೆರೆಯಿತು. ಕಾಲು ಸ್ವಲ್ಪ ಅಗಲಿಸಿಕೊಂಡು, ಹಲ್ಲೆಲ್ಲ ಬಿಟ್ಟುಕೊಂಡು ಬಂದ.

“ಆಯ್ತಾ? ನೋವಾಯ್ತಾ?”

“ಸೂಜಿ ಚುಚ್ಚಿದಾಗ ‘ಅಯ್ಯೋ’ ಅಂದೆ. ಆಮೇಲೆ ಬೆಣ್ಣೇಲಿ ಕೂದಲು ತೆಗೆದ ಹಾಗೆ! ನಾನು ಕಣ್ಣು ಬಿಡೋವಷ್ಟರಲ್ಲಿ ಎದ್ದೇಳಿ ಅಂದ್ರು. ಅತ್ತೆ, ಮೂರ್ಛೆ ಹೋಗಲಿಲ್ಲ ನಾನು! ಉದ್ದಣ್ಣನಿಗೆ ನೀವೇ ಸಾಕ್ಷಿ ಹೇಳಬೇಕು!”

ಕೂಗಿಕೊಂಡೇ ಹೇಳಿದ. ಕಾರಿಡಾರಿನ ಜನವೆಲ್ಲ ನಗುತ್ತಿದ್ದರು. ನರ್ಸಮ್ಮ ಐಸ್ ಇಟ್ಟುಕೊಳ್ಳಿ, ಬಿಗಿಯಾದ ಒಳಚಡ್ಡಿ ಹಾಕಿಕೊಳ್ಳಿ, ಎರಡು ದಿನ ಮಲಗಿ, ಒಂದು ವಾರ ಭಾರ ಮುಟ್ಟಬೇಡಿ ಎಂದು ಹೇಳಿ ಮಾತ್ರೆಗಳ ಜೊತೆಗೆ ಮೂರು ತಿಂಗಳಿಗೆ ಬೇಕಾದ ನಿರೋಧನ್ನೂ ಪೊಟ್ಟಣ ಕಟ್ಟಿಕೊಟ್ಟರು. ಆಟೋದಲ್ಲಿ ಸದ್ದಿಲ್ಲದೆ ಮನೆಗೆ ಹೋಗಿ, ಹಲ್ಲು ಕಿತ್ತರು ಎಂದು ಕೆನ್ನೆ ಹಿಡಿದುಕೊಂಡು ಮಲಗುವುದು ನಮ್ಮ ಯೋಜನೆ.

ಹೊರಗೆ ಬಂದರೆ ಎದುರಿಗೇ ಲಾರಿ! ಮೇಸ್ತ್ರಿ, ಉದ್ದಣ್ಣ, ಉಳಿದಿಬ್ಬರು. ಲಾರಿಯ ಮೇಲೆ ಕೈ ಇರುವ ಒಂದು ಮರದ ಕುರ್ಚಿ, ಪಟ್ಟಿಗಳು, ನಾನೇ ಹೊಲಿದ ಹೊದಿಕೆಗಳ ರಾಶಿ.

“ಡಾಕ್ಟರು ಭಾರ ಎತ್ತಬಾರದು ಅಂದಿದ್ದಾರೆ ತಾನೆ?” ಅಂದ ಮೇಸ್ತ್ರಿ. “ಮೂರು ಮಹಡಿ ಹತ್ತುವಾಗ ಇವನ ಮೈಭಾರ ಯಾರು ಹೊರ್ತಾರೆ? ಇವನೇ ತಾನೆ? ಅದು ಭಾರ ಅಲ್ವಾ? ನಾವೇನು ಸತ್ತಿದ್ದೀವಾ?”

ಭಾರದ ಲೆಕ್ಕದಲ್ಲೇ ಬದುಕುವ ಜನಕ್ಕಲ್ಲದೆ ಇನ್ಯಾರಿಗೆ ಇಂಥ ತರ್ಕ ಹೊಳೆಯುತ್ತದೆ? ಮೆಲ್ಲಗೆ ನಡೆದು ಹತ್ತಬಹುದು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕನ್ನಡಿ ಬೀರುವಿಗೆ ಮಾಡುವ ಎಲ್ಲ ಉಪಚಾರವನ್ನೂ ಅವನಿಗೆ ಮಾಡಿದರು. ಕುರ್ಚಿಯಲ್ಲಿ ಕೂರಿಸಿದರು, ಕುತ್ತಿಗೆಯವರೆಗೆ ಹೊದಿಕೆ ಸುತ್ತಿದರು, ಪಟ್ಟಿ ಬಿಗಿದರು. ಲಾರಿ ಜನ ನಡೆಯುವ ವೇಗದಲ್ಲಿ ಹೊರಟಿತು. ಮಧ್ಯದಲ್ಲಿ ನನ್ನ ಅಳಿಯ, ತಲೆ ಮಾತ್ರ ಹೊರಗೆ. ಗುಟ್ಟಾಗಿ ಹೋಗುವ ಯೋಜನೆಯಂತೆ ಯೋಜನೆ!

ನಮ್ಮ ಬೀದಿ ಮೊದಲೇ ಇಕ್ಕಟ್ಟು. ಲಾರಿ ನಿಂತಿತು, ಕುರ್ಚಿ ಇಳಿಯಿತು, ಇಬ್ಬರು ಮುಂದೆ, ಇಬ್ಬರು ಹಿಂದೆ. ‘ಐಸಾ!’ ಎಂದು ಮೇಸ್ತ್ರಿ ಕೂಗಿದ ಮೇಲೆ ಕೇಳಬೇಕೆ? ಇಸ್ತ್ರಿ ಅಂಗಡಿಯವನು ಇಸ್ತ್ರಿ ಬಿಟ್ಟು ಬಂದ, ಕಿಟಕಿಗೊಂದು ತಲೆ ಬಂತು. “ಏನಾಯ್ತು? ಬಿದ್ದನಾ? ಕಾಲು ಮುರೀತಾ?” ಎಂದು ನೂರು ಪ್ರಶ್ನೆ. ನಾನು ಹಲ್ಲು ಎನ್ನಬೇಕು. ಅಷ್ಟರಲ್ಲಿ ಉದ್ದಣ್ಣ ಮೆಟ್ಟಿಲ ತಿರುವಿನಲ್ಲಿ ಇಡೀ ಕಟ್ಟಡ ನಡುಗುವಂತೆ ಕೂಗಿದ:

“ನಿಧಾನಾ! ಗೋಡೆಗೆ ತಾಗಿಸಬೇಡಿ! ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ, ಸೊಂಟದ ಕೆಳಗೆ ಗಾಯ ಇದೆ!”

ಗುಟ್ಟು ರಟ್ಟಾಯಿತು. ಮೂರನೆಯ ಮಹಡಿಯ ಬಾಗಿಲು ತೆರೆಯಿತು. ಬೀಗಿತ್ತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಇಳಿದು ಬಂದು, ಮೆಟ್ಟಿಲಿಗೆ ಅಡ್ಡ ನಿಂತರು. ಅವರ ಹಿಂದೆ ಮಗುವನ್ನು ಎತ್ತಿಕೊಂಡು ನನ್ನ ಮಗಳು, ಮುಖ ಬಿಳಿಚಿಕೊಂಡು.

“ಹಲ್ಲು ಕೀಳಿಸಿದ್ರೆ ಕುರ್ಚೀಲಿ ಹೊತ್ಕೊಂಡು ಬರ್ತಾರಾ?” ಅಂದರು ಬೀಗಿತ್ತಿ. ನನ್ನನ್ನು ನೋಡಿ, “ಬೀಗ್ರೇ, ನನ್ನ ಮಗನಿಗೆ ಏನು ಮಾಡಿಸಿಕೊಂಡು ಬಂದ್ರಿ?”

“ಒಳ್ಳೇದೇ ಮಾಡಿಸಿದ್ದೀನಿ. ದಾರಿ ಬಿಡಿ ಮೊದಲು!”

“ಒಳ್ಳೇದಾ? ಅವನ ಅಪ್ಪನ ಸೊಂಟ ಹೋದಾಗ ಈ ಮನೆ ಹೇಗೆ ಉಪವಾಸ ಬಿತ್ತು ಅಂತ ನಿಮಗೇನು ಗೊತ್ತು? ಇನ್ನು ಇವನೂ ಮೂಲೆ ಹಿಡಿದ್ರೆ ಈ ಮಕ್ಕಳ ಬಾಯಿಗೆ ಏನು ಹಾಕ್ತೀರಿ? ನಿಮ್ಮ ಹೊದಿಕೇನಾ?”

ನನಗೂ ರೋಷ ಬಂತು. ನನ್ನ ಮಗಳು ಸತ್ತರೆ ಆ ಮಕ್ಕಳ ಬಾಯಿಗೆ ಯಾರು ಹಾಕುತ್ತಾರೆ ಎಂದೆ. ನಾನು ಕೆಳಗಿನಿಂದ, ಅವರು ಮೇಲಿನಿಂದ, ಮಧ್ಯದಲ್ಲಿ ಗಾಳಿಯಲ್ಲಿ ಅಳಿಯ.

“ಇಳ್ಸಿ!” ಎಂದು ಅವನು ಕುರ್ಚಿಯಿಂದ ಕೂಗಿದ.

“ಸಾಮಾನು ಮಾತಾಡಬಾರದು,” ಅಂದ ಮೇಸ್ತ್ರಿ. “ಇವತ್ತು ಕೆಳಗಿರೋನು ಉದ್ದಣ್ಣ. ಅವನು ಹೇಳಬೇಕು.”

“ಮೆಟ್ಟಿಲ ಮೇಲೆ ಎಲ್ಲಿ ಇಳಿಸ್ಲಿ? ಓರೆ ಆಗುತ್ತೆ,” ಅಂದ ಉದ್ದಣ್ಣ, ಬೆವರು ಸುರಿಸುತ್ತ. “ಬೇಗ ಜಗಳ ಮುಗಿಸ್ರಮ್ಮಾ!”

ಕೆಳಗಿನ ಮಹಡಿಯಲ್ಲಿ ಯಾರೋ ಕಿಸಕ್ಕೆಂದರು. ಬೀಗಿತ್ತಿಯ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನದೋ ಭಯದ್ದೋ. ಆಗ ಅಳಿಯ ಹೊದಿಕೆಯಿಂದ ಒಂದು ಕೈ ಬಿಡಿಸಿಕೊಂಡು ತಾಯಿಯ ಕಡೆ ಚಾಚಿದ.

“ಅಮ್ಮಾ, ಯಾರೂ ಮಾಡಿಸಲಿಲ್ಲ. ನಾನೇ ಮಾಡಿಸ್ಕೊಂಡೆ. ಸುಳ್ಳು ಹೇಳಿದ್ದು ತಪ್ಪು, ಹೊಡಿ ಬೇಕಾದ್ರೆ, ಸೌಟು ಇದೆಯಲ್ಲ. ಆದ್ರೆ ಕೇಳು. ಅವತ್ತು ಆಸ್ಪತ್ರೇಲಿ ಒಳಗೆ ಅವಳ ರಕ್ತ ಹೋಗ್ತಾ ಇತ್ತು, ಹೊರಗೆ ನಾನು ಬರೀ ಕೈ ಹಿಸುಕ್ತಾ ನಿಂತಿದ್ದೆ. ಇಷ್ಟು ವರ್ಷ ಊರವರ ಬೀರುವಿಗೆಲ್ಲ ಕೆಳಗೆ ನಿಂತಿದ್ದೀನಿ. ನನ್ನ ಮನೇಲಿ ಎರಡು ಸಲ ಅವಳೇ ಕೆಳಗೆ ನಿಂತಳು, ಒಬ್ಬಳೇ ಹೊತ್ತಳು. ಮೂರನೇ ಸಲ ಹೊತ್ತರೆ ಅವಳು ಇರಲ್ಲ ಅಮ್ಮಾ. ಈ ಸಲ ನಾನು ಕೆಳಗೆ ನಿಂತೆ. ಅಷ್ಟೇ.”

ಉದ್ದಣ್ಣ ಏದುಸಿರು ಬಿಡುತ್ತಿದ್ದ. ಬೀಗಿತ್ತಿ ತಿರುಗಿ ನನ್ನ ಮಗಳನ್ನು ನೋಡಿದರು. ಅವಳ ಬಿಳಿಚಿದ ಕೆನ್ನೆ, ಮಗುವನ್ನು ಹಿಡಿದ ಸಣಕಲು ಕೈ. ಎಷ್ಟು ಹೊತ್ತು ನೋಡಿದರೋ. ಆಮೇಲೆ ಗೋಡೆಗೆ ಸರಿದು ನಿಂತು ಗದರಿದರು:

“ಏನು ನೋಡ್ತಾ ನಿಂತಿದ್ದೀರಿ? ನನ್ನ ಮಗನ್ನ ಹಾಗೇ ತೂಗಾಡಿಸ್ತೀರಾ? ಮೇಲೆ ತನ್ನಿ!”

ದಾರಿ ಬಿಟ್ಟರು, ಆದರೆ ನಂಬಿಕೆ ಬರಲಿಲ್ಲ. ವಾರವಿಡೀ ಬೆಳಿಗ್ಗೆ ಎದ್ದ ಕೂಡಲೇ ಅವನ ಮುಖದ ಹತ್ತಿರ ದೀಪ ಹಿಡಿದು ಗಡ್ಡ ಉದುರಿದೆಯೇ ಎಂದು ನೋಡುತ್ತಿದ್ದರು. ಸುಮ್ಮನೆ ಮಾತಿಗೆಳೆದು ಧ್ವನಿ ಕೇಳುತ್ತಿದ್ದರು. ಅಳಿಯ ಮೊದಲೆರಡು ದಿನ ಐಸ್ ಇಟ್ಟುಕೊಂಡು ಮಲಗಿದ. ಸ್ವಲ್ಪ ಬಾವು, ಸ್ವಲ್ಪ ಎಳೆತ, ಅಷ್ಟೇ. ಮೂರನೆಯ ದಿನಕ್ಕೆ ತನ್ನ ಪುಟ್ಟ ಮಗಳನ್ನು ಮುಂದೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದ. ಎತ್ತಿಕೋ ಎಂದು ಅವಳು ಹಟ ಮಾಡಿದರೆ, “ನೀನು ಬೀರುವಿಗಿಂತ ಭಾರ ಕಣೇ, ಡಾಕ್ಟರು ಬೈತಾರೆ,” ಅನ್ನುತ್ತಿದ್ದ. ಅದನ್ನು ಕೇಳಿ ಬೀಗಿತ್ತಿ ಒಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದರು.

ವಾರ ಕಳೆದು ಇನ್ನೂ ಒಂದೆರಡು ದಿನವಾದ ಮೇಲೆ ಅವನು ಕೆಲಸಕ್ಕೆ ಹೊರಟ. ಎರಡು ಬೀದಿ ಆಚೆ ಒಂದು ಬೇಕರಿ ಎತ್ತುತ್ತಿದ್ದರು. ಎರಡನೆಯ ಮಹಡಿಯಲ್ಲಿ ಹಿಟ್ಟು ಕಲಸುವ ದೊಡ್ಡ ಯಂತ್ರ, ಆನೆಮರಿ! ಮೇಸ್ತ್ರಿ ಇವನಿಗೆ ತಟ್ಟೆ, ಡಬ್ಬ, ಪೊರಕೆ ಕೊಟ್ಟ. ಇವನು ಅದನ್ನೆಲ್ಲ ಲಾರಿಗೆ ಹಾಕಿ ಬಂದು, ಒಂದು ಮಾತೂ ಆಡದೆ ಮೆಟ್ಟಿಲ ಕೆಳಗಿನ ಜಾಗದಲ್ಲಿ ಹೋಗಿ ನಿಂತ. ನಾನು ಹೊಸ ಹೊದಿಕೆ ಕೊಡಲು ಹೋಗಿದ್ದೆ, ಅಂದರೆ ಹೊದಿಕೆಯ ನೆಪದಲ್ಲಿ. ರಸ್ತೆಯ ಆಚೆ ನೋಡಿದರೆ, ಖಾಲಿ ಚೀಲ ಹಿಡಿದು ಬೀಗಿತ್ತಿ! ಅವರಿಗೂ ಯಾವುದೋ ನೆಪ. ಇಬ್ಬರೂ ಕಂಡೂ ಕಾಣದ ಹಾಗೆ ನಿಂತೆವು.

‘ಐಸಾ!’ ಯಂತ್ರ ಅಲುಗಿತು. ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ವಾಲಿತು. ನನ್ನ ಅಳಿಯ ಯಂತ್ರದ ಹಿಂದೆ ಮರೆಯಾದ. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಆ ಕಾಲು ಒಂದು ಮೆಟ್ಟಿಲು ಹುಡುಕಿತು, ಊರಿತು. ಇನ್ನೊಂದು ಹುಡುಕಿತು, ಊರಿತು. ಬೀಗಿತ್ತಿ ಯಾವಾಗ ರಸ್ತೆ ದಾಟಿ ಬಂದು ನನ್ನ ತೋಳು ಹಿಡಿದುಕೊಂಡರೋ ತಿಳಿಯದು, ಉಗುರು ಚುಚ್ಚುತ್ತಿತ್ತು. ಕೊನೆಯ ಮೆಟ್ಟಿಲು. ಮೊದಲಿನ ಅದೇ ಗಡಸು ಧ್ವನಿ ಬೀದಿಯ ತುದಿಯವರೆಗೆ ಕೇಳಿತು: “ಇಳ್ಸಿ!”

“ಅಯ್ಯೋ ನನ್ನಪ್ಪಾ!” ಎಂದು ಬೀಗಿತ್ತಿ ನನ್ನನ್ನೇ ಅಪ್ಪಿಕೊಂಡರು. ಆಮೇಲೆ ನೆನಪಾಗಿ ಬಿಟ್ಟರು. “ಧ್ವನಿ ಸ್ವಲ್ಪ ಜೋರೇ ಆಗಿದೆ ಅಲ್ವಾ ಬೀಗ್ರೇ?” ಅಂದರು. ಅವತ್ತು ಸಂಜೆ ಇಡೀ ಕಟ್ಟಡಕ್ಕೆ ಮಗನ ಆಪರೇಷನ್ ಬಗ್ಗೆ ಭಾಷಣ ಮಾಡಿದವರು ಅವರೇ.

ಬೀಗಿತ್ತಿಯ ಭಯವೇನೋ ಹೋಯಿತು. ನನ್ನ ಮಗಳದು ಹೋಗಲಿಲ್ಲ. ಡಾಕ್ಟರು ಹೇಳಿದ ಆ ಮೂರು ತಿಂಗಳು ಅವಳು ಸರಿಯಾಗಿ ನಗಲಿಲ್ಲ. ನನಗೂ ಚಡಪಡಿಕೆ. ಒಂದು ಸಂಜೆ ನನ್ನ ಚಾಪೆ ತೆಗೆದುಕೊಂಡು ಹೋಗಿ, ಪರೀಕ್ಷೆ ಆಗುವವರೆಗೆ ಇಲ್ಲೇ ಇರುತ್ತೇನೆ, ನಿನ್ನ ಪಕ್ಕದಲ್ಲೇ ಮಲಗುತ್ತೇನೆ ಎಂದೆ. ಮಗಳು ಕೆಂಪಾಗಿ, “ಅಮ್ಮಾ! ನಿನಗೆ ಮಾಡೋಕೆ ಕೆಲಸ ಇಲ್ವಾ? ನರ್ಸಮ್ಮ ಬೇಕಾದ್ದೆಲ್ಲ ಕೊಟ್ಟಿದ್ದಾರೆ, ಇವರು ಹುಷಾರಾಗೇ ಇದ್ದಾರೆ. ಚಾಪೆ ಸುತ್ತಿಕೊಂಡು ಮನೆಗೆ ಹೋಗು,” ಎಂದು ಓಡಿಸಿದಳು. ಹೋದೆ.

ಒಂದು ಬೆಳಿಗ್ಗೆ ಬೀಗಿತ್ತಿ ಓಡಿಬಂದು ಸೊಸೆ ವಾಂತಿ ಮಾಡುತ್ತಿದ್ದಾಳೆ ಅಂದರು. ಮಷೀನಿನಲ್ಲಿ ಬಟ್ಟೆ ಹಾಗೇ ಬಿಟ್ಟು ಓಡಿದೆ. ಮಗಳು ಗೋಡೆಗೊರಗಿ ಕೂತಿದ್ದಳು, ಕೈ ಹೊಟ್ಟೆಯ ಮೇಲೆ. “ಅಮ್ಮಾ, ನಾನು ಈ ಮಕ್ಕಳನ್ನ ಬಿಟ್ಟು ಹೋಗಲ್ಲ,” ಅಂದಳು, ಅಷ್ಟೇ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಬಸುರಿಲ್ಲ, ಹಳಸಿದ್ದೇನೋ ತಿಂದಿದ್ದಾಳೆ ಎಂದರು. ಹಳಸಿದ ಊಟಕ್ಕೆ ಅಷ್ಟು ಸಂತೋಷಪಟ್ಟವರು ಲೋಕದಲ್ಲಿ ನಾವೇ ಇರಬೇಕು. ಆದರೂ ಅವಳು ಆ ಕೈಯನ್ನು ಹೊಟ್ಟೆಯಿಂದ ತೆಗೆಯಲಿಲ್ಲ.

ಅಂತೂ ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಅಳಿಯ ಒಂದು ಸಣ್ಣ ಡಬ್ಬಿ ಕೊಟ್ಟು ಬಂದಿದ್ದ, ಮಧ್ಯಾಹ್ನ ಫಲಿತಾಂಶ. “ರಕ್ತ ಕೊಟ್ಟನಾ?” ಎಂದು ಬೀಗಿತ್ತಿ ಕೇಳಿದಾಗ ಎಲ್ಲರೂ ಸೂರು ನೋಡಿದೆವು. ಮಧ್ಯಾಹ್ನ ಲ್ಯಾಬಿನ ಕಟ್ಟಡದ ಮುಂದೆ ಲಾರಿ ನಿಂತಿತ್ತು. ಕೆಲಸಕ್ಕೆ ಹೋಗುವ ದಾರಿಯಂತೆ, ಸುಮ್ಮನೆ ನಿಲ್ಲಿಸಿದರಂತೆ. ತಂಡಕ್ಕೆ ತಂಡವೇ ಮೆಟ್ಟಿಲ ಮೇಲೆ ಸಾಲಾಗಿ ಕೂತಿತ್ತು, ಅವರ ರಕ್ತವೂ ನನ್ನ ಮಗಳ ಮೈಯಲ್ಲಿದೆಯಲ್ಲ. ಮೆಟ್ಟಿಲ ಬುಡದಲ್ಲಿ ಬೀಗಿತ್ತಿ, ಪಕ್ಕದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮಗಳು. ಮೇಲೆ ಬಾ ಎಂದರೆ ಬರಲಿಲ್ಲ. “ಇಲ್ಲೇ ಇರ್ತೀನಿ,” ಅಂದಳು.

ಅಳಿಯನ ಜೊತೆ ಒಳಗೆ ಹೋದವಳು ನಾನೇ. ಕಿಟಕಿಯಾಚೆಯ ಹುಡುಗಿ ಹೆಸರು ಕೇಳಿ, ನೋಡಿ, “ಸೊನ್ನೆ. ಏನೂ ಇಲ್ಲ. ಇನ್ನು ನಿಶ್ಚಿಂತೆಯಾಗಿರಿ,” ಅಂದಳು.

“ಇನ್ನೊಂದು ಸಲ ಹೇಳಿ,” ಅಂದ ಅಳಿಯ.

“ಸೊನ್ನೆ.”

ಶಾಲೆಯಲ್ಲಿ ಇದೇ ಸೊನ್ನೆಗೆ ಎಷ್ಟು ಏಟು ತಿಂದಿದ್ದನೋ! ಬಾಗಿಲು ದೂಡಿಕೊಂಡು ಓಡಿದ. ಮೆಟ್ಟಿಲ ತಲೆಯಲ್ಲಿ ನಿಂತು ಎರಡೂ ಕೈ ಎತ್ತಿ, “ಸೊನ್ನೇ!” ಎಂದು ಕೂಗಿದ. “ಸೊನ್ನೆ! ಸೊನ್ನೆ!” ಎಂದು ತಂಡ ಎದ್ದು ಕುಣಿಯಿತು. ಉದ್ದಣ್ಣ ಸೂರಿಗೆ ತಲೆ ಹೊಡೆದುಕೊಂಡ. ಸೊನ್ನೆ ಅಂದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಬೀಗಿತ್ತಿ ಎಲ್ಲರ ಮುಖ ನೋಡುತ್ತಿದ್ದರು. ಒಳ್ಳೇದು ಒಳ್ಳೇದು ಎಂದು ನಾನು ಕೂಗಿದೆ.

ಮಗಳು ಮಾತ್ರ ಕೆಳಗೆ ಹಾಗೇ ನಿಂತಿದ್ದಳು. ಮೇಲಿರುವ ಗಂಡನನ್ನು ನೋಡುತ್ತಿದ್ದಳು, ತುಟಿ ಅಲುಗಲಿಲ್ಲ. ಮೊದಲು ಸುಮ್ಮನಾದವನು ಮೇಸ್ತ್ರಿ. ಅವನು ಕೈ ಎತ್ತಿದ ಕೂಡಲೇ ತಂಡವೆಲ್ಲ ಸುಮ್ಮನಾಯಿತು. ಅಳಿಯನೂ ಅಲ್ಲೇ ನಿಂತ, ಒಂದು ಮೆಟ್ಟಿಲೂ ಇಳಿಯಲಿಲ್ಲ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

ಅವಳು ಮಗುವನ್ನು ಬೀಗಿತ್ತಿಯ ಕೈಗೆ ಕೊಟ್ಟಳು. ಖಾಲಿಯಾದ ಎರಡು ಕೈಯನ್ನೂ ಒಮ್ಮೆ ನೋಡಿಕೊಂಡಳು.

“ಇಳ್ಸಿ,” ಅಂದಳು. ಅಲ್ಲೇ ಕೊನೆಯ ಮೆಟ್ಟಿಲ ಮೇಲೆ ಕೂತು, ಹೋ ಎಂದು ಅತ್ತಳು, ಅಳುತ್ತಲೇ ನಕ್ಕಳು. ಅವನು ಮೆಟ್ಟಿಲು ಹಾರಿ ಹಾರಿ ಇಳಿದು ಬಂದು ಅವಳ ಪಕ್ಕ ಕೂತ.